ಅರಸನಾಗಲು ಒಪ್ಪಿದ ಮುಳ್ಳುಗಿಡ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ನಿಂತು ನೋಡಿದರೆ ಕಣ್ಣಿಗೆ ಬೀಳುವುದು ಬಂಡೆ, ಕುರುಚಲು ಮತ್ತು ಬಯಲು. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನನ್ನು ತಡೆಯಲು ಹೋದ ಜಟಾಯು ರೆಕ್ಕೆ ಕಡಿಸಿಕೊಂಡು ಬಿದ್ದದ್ದು ಇಲ್ಲೇ ಎಂಬುದು ಸ್ಥಳದ ನಂಬಿಕೆ. ಬೆಟ್ಟದ ಹೆಸರೂ ಆ ಹಕ್ಕಿಯದೇ. ದೇವಾಲಯದ ಮೆಟ್ಟಿಲುಗಳ ಎದುರು ಮುಂದಕ್ಕೆ ಚಾಚಿಕೊಂಡ ಬಂಡೆಯೊಂದಿದೆ. ಜಾತ್ರೆಯ ದಿನಗಳಲ್ಲಿ ಬಳೆ ಮಾರುವವರು ಅದರ ಆಸರೆಯಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಜನ ಅದನ್ನು ಬಳೆಗಾರರ ಗುಂಡು ಎಂದು ಕರೆದರು. ಅಲ್ಲಿಯೇ ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಬರಹವೊಂದಿದೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇದನ್ನೂ, ಸಮೀಪದ ಬ್ರಹ್ಮಗಿರಿ ಮತ್ತು ಸಿದ್ದಾಪುರಗಳ ಬರಹಗಳನ್ನೂ ಬೆಳಕಿಗೆ ತಂದಾಗ, ಮೌರ್ಯ ಸಾಮ್ರಾಟ ಅಶೋಕನ ಮಾತು ಕನ್ನಡ ನಾಡಿನವರೆಗೆ ಮುಟ್ಟಿತ್ತೆಂಬುದು ಖಚಿತವಾಯಿತು.

ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬುದು ಈ ಶಾಸನಗಳ ಸಾರ. ಇವುಗಳಲ್ಲಿ ಅರಸ ತನ್ನನ್ನು ಕರೆದುಕೊಂಡಿರುವುದು ದೇವಾನಾಂಪ್ರಿಯ ಎಂದು. ಅಶೋಕ ಎಂಬ ಹೆಸರು ರಾಯಚೂರು ಜಿಲ್ಲೆಯ ಮಸ್ಕಿಯ ಶಾಸನದಲ್ಲಿ 1915ರಲ್ಲಿ ದೊರೆಯಿತು. ಆ ಹೆಸರು ಒಂದು ಮರದ್ದೂ ಹೌದು. ಹೆಸರಿಗೆ ತಕ್ಕಂತೆ ಆ ಅರಸ ಮರಗಳನ್ನು ಮರೆತವನಲ್ಲ. ದಾರಿಗಳಲ್ಲಿ ಬಾವಿ ತೋಡಿಸಿದ್ದು, ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ಮರ ನೆಡಿಸಿದ್ದು ಅವನ ಎರಡನೆಯ ಬಂಡೆಗಲ್ಲು ಶಾಸನದಲ್ಲಿ ಬರುತ್ತದೆ. ಅದರ ಪ್ರತಿಯೊಂದು ಆಂಧ್ರದ ಗುತ್ತಿಯ ಹತ್ತಿರದ ಎರ್ರಗುಡಿಯಲ್ಲಿದೆ. ನೆರಳಿಗಾಗಿ ಆಲ ನೆಡಿಸಿದ, ಮಾವಿನ ತೋಪು ಮಾಡಿಸಿದ ಸಂಗತಿ ಅವನ ಏಳನೆಯ ಸ್ತಂಭ ಶಾಸನದಲ್ಲಿದೆ. ಅರಸನೆಂದರೆ ನೆರಳು ಕೊಡುವವನು ಎಂಬ ಭಾವನೆ ಈ ಮಾತುಗಳ ಹಿಂದೆ ಇದೆ.

ಅರಸನನ್ನು ಮರದಿಂದಲೂ, ಮರವನ್ನು ಅದರ ನೆರಳಿನಿಂದಲೂ ಅಳೆಯುವ ಈ ರೂಢಿ ಭಾರತಕ್ಕಷ್ಟೇ ಸೇರಿದ್ದಲ್ಲ. ಯೆಹೂದ್ಯರ ಮತ್ತು ಕ್ರೈಸ್ತರ ಧರ್ಮಗ್ರಂಥಗಳಲ್ಲಿ ಇದು ಉದ್ದಕ್ಕೂ ಹಬ್ಬಿಕೊಂಡಿದೆ. ಆ ಗ್ರಂಥಗಳು ಹುಟ್ಟಿದ ನೆಲಕ್ಕೂ ಚಳ್ಳಕೆರೆ-ಮೊಳಕಾಲ್ಮುರು ಸೀಮೆಗೂ ಒಂದು ಹೋಲಿಕೆಯಿದೆ. ಜೆರುಸಲೇಮಿನಲ್ಲಿ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರಿನ ಆಸುಪಾಸು. ಕರ್ನಾಟಕದ ಅತಿ ಒಣ ಸೀಮೆಗಳಲ್ಲಿ ಒಂದಾದ ಇಲ್ಲಿಯೂ ಹೆಚ್ಚು ಕಡಿಮೆ ಅಷ್ಟೇ. ಅಲ್ಲಿ ಮಳೆ ಚಳಿಗಾಲದ್ದು, ಇಲ್ಲಿ ಮುಂಗಾರು ಹಿಂಗಾರಿನದು ಎಂಬುದಷ್ಟೇ ವ್ಯತ್ಯಾಸ. ಮಲೆನಾಡಿನಲ್ಲಿ ಮರ ಸಹಜ. ಬಯಲುಸೀಮೆಯಲ್ಲಿ ದೊಡ್ಡ ಮರವೊಂದು ಕಂಡರೆ ಅಲ್ಲಿ ನೀರಿದೆ, ಇಲ್ಲವೇ ಯಾರೋ ನೀರೆರೆದು ಸಾಕಿದ್ದಾರೆ ಎಂದು ಅರ್ಥ. ಬೈಬಲಿನ ಮರಗಳಿಗೆ ಇರುವ ತೂಕ ಇಂಥ ಕಣ್ಣಿಗೆ ಬೇಗ ತಿಳಿಯುತ್ತದೆ.

ಬಳ್ಳಾರಿಯ ದಾರಿಯಾಗಿ ಬಂದ ಮರಗಳು

ಈ ಮರಗಳು ಕನ್ನಡಕ್ಕೆ ಬಂದದ್ದೂ ಇದೇ ಸೀಮೆಯ ನೆರೆಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ತೊಡಗಿದರು. ವಿಲಿಯಂ ರೀವ್ ಮೊದಲಾದವರು ಜೊತೆಗೂಡಿದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ದೊರೆಯಿತು. ಮುಂದಿನ ಪರಿಷ್ಕರಣಗಳನ್ನು ಹಾದು ಇಂದು ಬಳಕೆಯಲ್ಲಿರುವ ಕನ್ನಡ ಬೈಬಲನ್ನು ತೆರೆದರೆ ಲೆಬನೋನಿನ ದೊಡ್ಡ ಮರ ದೇವದಾರುವಾಗಿದೆ. ಹಣ್ಣಿನ ಗಿಡ ಅಂಜೂರವಾಗಿದೆ. ನಮ್ಮಲ್ಲಿ ಬೆಳೆಯದ ಆಲಿವ್ ಎಣ್ಣೆಮರ ಎನಿಸಿಕೊಂಡಿದೆ. ಮರಳುಗಾಡಿನಲ್ಲಿ ದೇವರ ಆಜ್ಞೆಗಳ ಶಿಲಾಫಲಕಗಳನ್ನು ಇಡಲು ಮಾಡಿದ ಮಂಜೂಷವಂತೂ ಜಾಲೀಮರದ್ದು.

ಈ ಕೊನೆಯ ಮಾತು ಓದುಗರನ್ನು ಅರೆಕ್ಷಣ ನಿಲ್ಲಿಸುತ್ತದೆ. ಬೇಲಿಗೆ, ನೇಗಿಲಿಗೆ, ಒಲೆಗೆ ಬರುವ ಜಾಲಿಯಿಂದ ದೇವರ ಮಂಜೂಷವೇ? ಆದರೆ ಅನುವಾದಕರು ತಪ್ಪಿಲ್ಲ. ಮೂಲದ ಹೀಬ್ರೂ ಮಾತು ಸೂಚಿಸುವುದು ಸೀನಾಯಿ ಪ್ರದೇಶದ ಮುಳ್ಳಿನ ಮರವನ್ನು. ಅದು ನಮ್ಮ ಜಾಲಿಯ ಹತ್ತಿರದ ನೆಂಟ. ಮರಳುಗಾಡಿನಲ್ಲಿ ಹಲಗೆಗೆ ಸಿಗುವ ಗಟ್ಟಿ ಮರ ಅದೊಂದೇ ಎನ್ನಬಹುದು. ಕೈಗೆ ಸಿಕ್ಕ ಮರವನ್ನೇ ಪವಿತ್ರ ಕೆಲಸಕ್ಕೆ ಬಳಸಿ ಅದಕ್ಕೆ ಚಿನ್ನ ಹೊದಿಸಿದರು.

ಕನ್ನಡಕ್ಕೆ ಇನ್ನೂ ಒಂದು ಅನುಕೂಲ ಒದಗಿದೆ. ಕನ್ನಡದಲ್ಲಿ ಬೆಳೆದು ನಿಂತದ್ದೂ ಮರ, ಕಡಿದು ಹಲಗೆ ಮಾಡಿದ್ದೂ ಮರ. ಮರದ ಕೆಳಗೆ ಮಲಗುತ್ತೇವೆ, ಮರದ ಮಂಚದ ಮೇಲೂ ಮಲಗುತ್ತೇವೆ. ಹೀಬ್ರೂವಿನ ‘ಏಟ್ಸ್’, ಹೊಸ ಒಡಂಬಡಿಕೆಯ ಗ್ರೀಕಿನ ‘ಕ್ಸೂಲೊನ್’ ಕೂಡ ಹೀಗೆ ಎರಡೂ ಅರ್ಥವನ್ನು ಹೊರುತ್ತವೆ. ಚಿಗುರುವ ಮರಕ್ಕೂ ಸತ್ತ ಮರಕ್ಕೂ ಒಂದೇ ಶಬ್ದ ಇರುವುದರ ಮಹತ್ವ ಶಿಲುಬೆಯ ವಿಷಯಕ್ಕೆ ಬಂದಾಗ ಸ್ಪಷ್ಟವಾಗುತ್ತದೆ.

ತೋಟದ ಎರಡು ಮರಗಳು

ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ದೇವರು ಏದೆನಿನಲ್ಲಿ ತೋಟ ಮಾಡಿ ನಡುವೆ ಜೀವವೃಕ್ಷವನ್ನು, ಒಳ್ಳೆಯದರ ಕೆಟ್ಟದರ ಅರಿವಿನ ಮರವನ್ನು ಬೆಳೆಸುತ್ತಾನೆ. ಎರಡನೆಯದರ ಹಣ್ಣು ತಿನ್ನಬಾರದೆಂಬ ಮಾತನ್ನು ಮೀರಿದ್ದಕ್ಕೆ ಮೊದಲ ಗಂಡು ಹೆಣ್ಣು ತೋಟದಿಂದ ಹೊರಬೀಳುತ್ತಾರೆ. ಆ ಹಣ್ಣು ಸೇಬು ಎಂದು ಲೋಕವೆಲ್ಲ ನಂಬಿದೆ; ಆದರೆ ಮೂಲದಲ್ಲಿ ಹಣ್ಣಿನ ಹೆಸರೇ ಇಲ್ಲ. ಲ್ಯಾಟಿನ್ ಭಾಷೆಯಲ್ಲಿ ಸೇಬಿಗೂ ಕೆಡುಕಿಗೂ ಇರುವ ಶಬ್ದಗಳು ಹೆಚ್ಚು ಕಡಿಮೆ ಒಂದೇ ಆದದ್ದು ಯೂರೋಪಿನಲ್ಲಿ ಈ ನಂಬಿಕೆ ಬೇರೂರಲು ಒಂದು ಕಾರಣ ಎನ್ನುತ್ತಾರೆ. ಯೆಹೂದ್ಯರ ತಾಲ್ಮುದ್ ಗ್ರಂಥದ ಪಂಡಿತರಲ್ಲಿ ಒಬ್ಬರು ಅದು ದ್ರಾಕ್ಷಿ ಎಂದರು, ಒಬ್ಬರು ಅಂಜೂರ ಎಂದರು, ಮತ್ತೊಬ್ಬರು ಗೋಧಿ ಎಂದರು. ಅಂಜೂರದ ಪರ ವಾದಿಸಿದವರ ತರ್ಕ ಸೊಗಸಾಗಿದೆ: ಆ ದಂಪತಿಗಳು ನಾಚಿ ಮೈ ಮುಚ್ಚಿಕೊಂಡದ್ದು ಅಂಜೂರದ ಎಲೆಗಳಿಂದ, ತಪ್ಪು ಮಾಡಿಸಿದ ಮರವೇ ಮಾನವನ್ನೂ ಕಾಪಾಡಿತು.

ತೋಟದ ಬಾಗಿಲು ಮುಚ್ಚಿತಾದರೂ ಜೀವವೃಕ್ಷ ಕತೆಯಿಂದ ಮರೆಯಾಗಲಿಲ್ಲ. ಜ್ಞಾನೋಕ್ತಿಗಳ ಪುಸ್ತಕ ವಿವೇಕವನ್ನೇ ಜೀವವೃಕ್ಷವೆಂದು ಕರೆಯಿತು. ಯೆಹೂದ್ಯರು ಅದನ್ನು ತಮ್ಮ ಧರ್ಮಶಾಸ್ತ್ರವಾದ ತೋರಾಕ್ಕೆ ಅನ್ವಯಿಸಿಕೊಂಡರು. ಇಂದಿಗೂ ಅವರ ಪ್ರಾರ್ಥನಾ ಮಂದಿರಗಳಲ್ಲಿ ತೋರಾದ ಸುರುಳಿಯನ್ನು ಸುತ್ತಿಡುವ ಮರದ ಹಿಡಿಕೋಲುಗಳಿಗೆ ‘ಏಟ್ಸ್ ಹಯ್ಯೀಮ್’ ಎಂದೇ ಹೆಸರು. ಅಂದರೆ ಜೀವದ ಮರ.

ಮೊದಲನೆಯ ಕೀರ್ತನೆ ಸಜ್ಜನನನ್ನು ನೀರಿನ ಬಳಿಯ ಮರಕ್ಕೆ ಹೋಲಿಸುತ್ತದೆ. ಇಲ್ಲಿ ಬರುವ ಹೀಬ್ರೂ ಮಾತಿಗೆ ಹೊಳೆ ಎಂಬುದಕ್ಕಿಂತ ಕಾಲುವೆ ಎಂಬ ಅರ್ಥವೇ ಹೆಚ್ಚು ಹೊಂದುತ್ತದೆ. ಮರವೂ ತಾನೇ ಹುಟ್ಟಿದ್ದಲ್ಲ, ಯಾರೋ ತಂದು ನೆಟ್ಟದ್ದು. ಕೆರೆಯ ತೂಬಿನಿಂದ ಹರಿಯುವ ಕಾಲುವೆಯ ಪಕ್ಕದ ತೆಂಗನ್ನೂ, ಖುಷ್ಕಿ ಹೊಲದ ಬದುವಿನ ಗಿಡವನ್ನೂ ನೋಡಿದ ರೈತನಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರವಾದಿ ಯೆರೆಮೀಯನು ಇದಕ್ಕೆ ಎದುರಾಗಿ ಅಡವಿಯ ಒಣಗಿಡವೊಂದನ್ನು ನಿಲ್ಲಿಸುತ್ತಾನೆ. ಮನುಷ್ಯರ ಬಲವನ್ನಷ್ಟೇ ನಂಬಿದವನು ಆ ಗಿಡ. ದೇವರನ್ನು ನಂಬಿದವನು ನೀರಿಗೆ ಬೇರು ಚಾಚಿದ ಮರ. ಬರಗಾಲ ಇಬ್ಬರಿಗೂ ಬರುತ್ತದೆ, ಬೇರು ಎಲ್ಲಿದೆ ಎಂಬುದೇ ವ್ಯತ್ಯಾಸ ಎಂಬುದು ಅವನ ಮಾತಿನ ತಿರುಳು.

ಪೂಜೆಯಿಲ್ಲ, ಕಡಿಯುವಂತೆಯೂ ಇಲ್ಲ

ಇಷ್ಟಾಗಿಯೂ ಈ ಗ್ರಂಥಗಳು ಮರಕ್ಕೆ ಪೂಜೆ ಸಲ್ಲಿಸಲು ಬಿಡುವುದಿಲ್ಲ. ನಮ್ಮಲ್ಲಿ ಅರಳಿಗೂ ಬೇವಿಗೂ ಮದುವೆ ಮಾಡಿ ಕಟ್ಟೆ ಕಟ್ಟಿಸುತ್ತಾರೆ. ದಸರೆಯಲ್ಲಿ ಬನ್ನಿಯನ್ನು ಪೂಜಿಸಿ ಎಲೆ ಹಂಚುತ್ತಾರೆ. ಪ್ರಾಚೀನ ಕಾನಾನ್ ದೇಶದಲ್ಲೂ ಇಂಥ ಆಚರಣೆಗಳಿದ್ದವು. ಆದರೆ ದೇವರ ಬಲಿಪೀಠದ ಪಕ್ಕದಲ್ಲಿ ಮರ ನೆಡಬಾರದೆಂದು ಧರ್ಮೋಪದೇಶಕಾಂಡ ನಿಷೇಧಿಸಿತು. ಅನ್ಯ ದೇವತೆಗಳ ಪವಿತ್ರ ಮರಗಳನ್ನು ಕಡಿಸಿದ ಅರಸರನ್ನು ಬೈಬಲು ಹೊಗಳುತ್ತದೆ. ಮರವು ದೇವರ ಗುರುತಾಗಬಹುದು, ದೇವರಾಗಬಾರದು ಎಂಬುದು ಅದರ ನಿಲುವು.

ಅದೇ ಪುಸ್ತಕದಲ್ಲಿ ಮರವನ್ನು ಕಾಯುವ ಕಟ್ಟಳೆಯೂ ಇದೆ. ಸೈನ್ಯವು ಪಟ್ಟಣವೊಂದನ್ನು ಎಷ್ಟೇ ಕಾಲ ಮುತ್ತಿದರೂ ಅಲ್ಲಿನ ಹಣ್ಣಿನ ಮರಗಳಿಗೆ ಕೊಡಲಿ ಹಾಕಬಾರದು. ಹೊಲದ ಮರವೇನು ನೀವು ಮುತ್ತಿಗೆ ಹಾಕಬೇಕಾದ ಶತ್ರುವೇ ಎಂದು ಅದು ಕೇಳುತ್ತದೆ. ವೈರಿಯ ತೋಟವನ್ನು ನಾಶಮಾಡುವುದು ಯುದ್ಧನೀತಿಯೇ ಆಗಿದ್ದ ಕಾಲದಲ್ಲಿ ಹೇಳಿದ ಮಾತು ಇದು. ಯೆಹೂದ್ಯ ಪಂಡಿತರು ಮುಂದೆ ಇದನ್ನು ವಿಸ್ತರಿಸಿ, ಉಪಯುಕ್ತವಾದ ಯಾವುದನ್ನೂ ವ್ಯರ್ಥವಾಗಿ ಹಾಳುಮಾಡಬಾರದೆಂಬ ನಿಯಮವನ್ನಾಗಿ ಬೆಳೆಸಿದರು. ನೆಟ್ಟ ಮರದ ಹಣ್ಣನ್ನು ಮೊದಲ ಮೂರು ವರ್ಷ ತಿನ್ನುವಂತಿಲ್ಲ. ನಾಲ್ಕನೆಯ ವರ್ಷದ್ದು ದೇವರಿಗೆ. ಐದನೆಯ ವರ್ಷದಿಂದ ನೆಟ್ಟವನಿಗೆ. ಈ ವಯಸ್ಸಿನ ಲೆಕ್ಕಕ್ಕಾಗಿ ಶೆವಾತ್ ತಿಂಗಳ 15ನೆಯ ದಿನವನ್ನು ಮರಗಳ ಹೊಸ ವರ್ಷವೆಂದು ಗೊತ್ತುಮಾಡಿದರು. ಜನವರಿ-ಫೆಬ್ರವರಿಯಲ್ಲಿ ಬರುವ ಆ ದಿನ ಯೆಹೂದ್ಯರು ಇಂದಿಗೂ ಹಣ್ಣು ತಿಂದು, ಸಸಿ ನೆಟ್ಟು ಹಬ್ಬ ಆಚರಿಸುತ್ತಾರೆ.

ದೇವದಾರುವಿನ ಗರ್ವ

ಮರಗಳಲ್ಲಿ ಅರಸನ ಸ್ಥಾನ ಲೆಬನೋನಿನ ದೇವದಾರುವಿಗೆ. ಸೊಲೊಮೋನನು ಜೆರುಸಲೇಮಿನ ದೇವಾಲಯವನ್ನು ಕಟ್ಟಿಸಿದ್ದು ಅದರಿಂದ. ಆದರೆ ಎತ್ತರದ ಮರದ ಮೇಲೆ ಪ್ರವಾದಿಗಳಿಗೆ ಸಂಶಯವೂ ಇತ್ತು. ಯೆಹೆಜ್ಕೇಲನು ಅಸ್ಸೀರಿಯಾ ಸಾಮ್ರಾಜ್ಯವನ್ನು ದೊಡ್ಡ ದೇವದಾರುವಾಗಿ ಚಿತ್ರಿಸುತ್ತಾನೆ. ಕೊಂಬೆಗಳಲ್ಲಿ ಹಕ್ಕಿಗಳು ಗೂಡು ಕಟ್ಟಿವೆ. ಅದರ ನೆರಳಲ್ಲಿ ಜನಾಂಗಗಳೇ ವಾಸವಾಗಿವೆ. ಎತ್ತರಕ್ಕೆ ಗರ್ವ ಬಂದ ದಿನ ಪರದೇಶೀಯರು ಅದನ್ನು ಕಡಿದುರುಳಿಸುತ್ತಾರೆ, ನೆರಳಿನಲ್ಲಿದ್ದವರು ಬಿಟ್ಟುಹೋಗುತ್ತಾರೆ.

ಯೆಶಾಯನ ಚಿತ್ರ ಇದಕ್ಕೆ ಪೂರಕವಾಗಿದೆ. ಎತ್ತರದ ಮರಗಳೆಲ್ಲ ಉರುಳಿದ ಮೇಲೆ, ದಾವೀದನ ತಂದೆ ಇಷಯನ ಮನೆತನವೆಂಬ ಮೋಟುಬುಡದಿಂದ ಒಂದು ಚಿಗುರು ಹೊರಡುತ್ತದೆ; ಬಡವರಿಗೆ ನ್ಯಾಯ ಕೊಡುವ ಅರಸ ಅವನು. ಯೆಹೂದ್ಯರು ಇದನ್ನು ಮುಂದೆ ಬರಲಿರುವ ಮೆಸ್ಸೀಯನ ಮಾತೆಂದು ಓದುತ್ತಾರೆ. ಕ್ರೈಸ್ತರಿಗೆ ಆ ಚಿಗುರು ಯೇಸು. ಯೇಸುವಾದರೋ ದೇವರ ರಾಜ್ಯವನ್ನು ವರ್ಣಿಸುವಾಗ ದೇವದಾರುವನ್ನು ಬಿಟ್ಟು ಸಾಸಿವೆಯನ್ನು ಆರಿಸಿಕೊಂಡ. ಕಾಳುಗಳಲ್ಲೆಲ್ಲ ಚಿಕ್ಕದಾದದ್ದು ಬೆಳೆದು ಹಕ್ಕಿಗಳು ಬಂದು ಕೂರುವಷ್ಟಾಗುತ್ತದೆ ಎಂಬ ಆ ದೃಷ್ಟಾಂತದಲ್ಲಿ ಹಳೆಯ ದೇವದಾರುವಿನ ಹಕ್ಕಿಗಳೇ ಹಿತ್ತಲ ಗಿಡಕ್ಕೆ ಇಳಿದು ಬಂದಂತಿವೆ.

ಮರಗಳು ಅರಸನನ್ನು ಹುಡುಕಿದ್ದು

ಮರ ಮತ್ತು ಅರಸರ ಈ ನಂಟನ್ನು ಎಲ್ಲಕ್ಕಿಂತ ಹರಿತವಾಗಿ ಹೇಳಿರುವುದು ನ್ಯಾಯಸ್ಥಾಪಕರು ಎಂಬ ಪುಸ್ತಕದ ಒಂದು ಕತೆ. ಗಿದ್ಯೋನನ ಮಗ ಅಬೀಮೆಲೆಕನು ತನ್ನ ಎಪ್ಪತ್ತು ಮಂದಿ ಸಹೋದರರನ್ನು ಒಂದೇ ಕಲ್ಲಿನ ಮೇಲೆ ಕೊಲ್ಲಿಸಿ ಶೆಕೆಮ್ ಊರಿನ ಅರಸನಾಗುತ್ತಾನೆ. ಅವನಿಗೆ ಪಟ್ಟ ಕಟ್ಟಿದ್ದೂ ಒಂದು ಮರದ ಬಳಿಯೇ. ಕಿರಿಯವನಾದ ಯೋತಾಮ ಮಾತ್ರ ಅಡಗಿ ಉಳಿದಿರುತ್ತಾನೆ. ಸುದ್ದಿ ಕೇಳಿದ ಅವನು ಗೆರಿಜ್ಜೀಮ್ ಬೆಟ್ಟದ ತುದಿಗೆ ಹೋಗಿ, ಕೆಳಗಿನ ಊರಿನವರಿಗೆ ಕೂಗಿ ಒಂದು ಕತೆ ಹೇಳುತ್ತಾನೆ.

ಒಮ್ಮೆ ಮರಗಳೆಲ್ಲ ಸೇರಿ ತಮಗೊಬ್ಬ ಅರಸ ಬೇಕೆಂದು ಹೊರಟವು. ಮೊದಲು ಎಣ್ಣೆಮರವನ್ನು ಕೇಳಿದವು. ದೇವರಿಗೂ ಮನುಷ್ಯರಿಗೂ ಸಲ್ಲುವ ನನ್ನ ಎಣ್ಣೆಯನ್ನು ಬಿಟ್ಟು ಮರಗಳ ಮೇಲೆ ತಲೆದೂಗುತ್ತಾ ನಿಲ್ಲಲೇ ಎಂದಿತು ಅದು. ಅಂಜೂರವನ್ನು ಕೇಳಿದವು, ಅದಕ್ಕೆ ತನ್ನ ಸಿಹಿ ಹಣ್ಣನ್ನು ಬಿಡಲು ಮನಸ್ಸಿಲ್ಲ. ದ್ರಾಕ್ಷಿಯನ್ನು ಕೇಳಿದವು, ಅದಕ್ಕೆ ತನ್ನ ರಸದ ಕೆಲಸವಿದೆ. ಕೊನೆಗೆ ಮರಗಳು ಮುಳ್ಳುಗಿಡದ ಬಳಿಗೆ ಬಂದವು. ಅದು ಕೂಡಲೇ ಒಪ್ಪಿತು. ನಿಜವಾಗಿ ನನ್ನನ್ನು ಅರಸನಾಗಿ ಮಾಡುವಿರಾದರೆ ಬಂದು ನನ್ನ ನೆರಳನ್ನು ಆಶ್ರಯಿಸಿ ಎಂದಿತು. ಇಲ್ಲವಾದರೆ ನನ್ನಿಂದ ಬೆಂಕಿ ಹೊರಟು ಲೆಬನೋನಿನ ದೇವದಾರುಗಳನ್ನೇ ಸುಡಲಿ ಎಂದೂ ಸೇರಿಸಿತು.

ಕತೆಯ ಕೊಂಕು ಇರುವುದು ನೆರಳು ಎಂಬ ಮಾತಿನಲ್ಲಿ. ಮುಳ್ಳುಗಿಡಕ್ಕೆ ಎಂಥ ನೆರಳು? ಉಪಯೋಗಕ್ಕೆ ಬರುವ ಮರಗಳಿಗೆಲ್ಲ ಮಾಡಲು ಕೆಲಸವಿದೆ. ಕೆಲಸವಿಲ್ಲದ್ದಕ್ಕೆ ಪಟ್ಟದ ಆಸೆ. ಅದು ಇಲ್ಲದ ನೆರಳನ್ನು ಆಶ್ವಾಸನೆಯಾಗಿ ಕೊಡುತ್ತದೆ, ಇರುವ ಬೆಂಕಿಯನ್ನು ಬೆದರಿಕೆಯಾಗಿ ತೋರಿಸುತ್ತದೆ. ಯೋತಾಮನ ಮಾತು ಸುಳ್ಳಾಗಲಿಲ್ಲ. ಮೂರು ವರ್ಷ ಆಳಿದ ಮೇಲೆ ಅಬೀಮೆಲೆಕನಿಗೂ ಶೆಕೆಮಿನವರಿಗೂ ಕೆಟ್ಟಿತು. ಅವನು ತನ್ನ ಆಳುಗಳಿಂದ ಕೊಂಬೆಗಳನ್ನು ಕಡಿಸಿ ತಂದು, ಜನ ಅಡಗಿದ್ದ ಕೋಟೆಗೆ ಒಟ್ಟಿ ಬೆಂಕಿ ಹಚ್ಚಿಸಿದ. ಮುಂದಿನ ಊರಿನಲ್ಲಿ ಹೆಂಗಸೊಬ್ಬಳು ಗೋಪುರದ ಮೇಲಿನಿಂದ ಎತ್ತಿಹಾಕಿದ ಬೀಸುವ ಕಲ್ಲಿಗೆ ಅವನ ತಲೆಬುರುಡೆ ಒಡೆಯಿತು.

ಬೆಟ್ಟದ ಮೇಲಿನಿಂದ ಅರಸುತನದ ಬಗ್ಗೆ ಹೊರಟ ಈ ಮಾತನ್ನು ಜಟಿಂಗ ರಾಮೇಶ್ವರದ ಬರಹದ ಪಕ್ಕದಲ್ಲಿಟ್ಟು ನೋಡಬಹುದು. ಇಲ್ಲಿ ಅರಸನೇ ಬೆಟ್ಟದಿಂದ ಪ್ರಜೆಗಳಿಗೆ ದಯೆಯ ಮಾತು ಹೇಳುತ್ತಾನೆ. ಅಲ್ಲಿ ಪ್ರಾಣ ಉಳಿಸಿಕೊಂಡ ಹುಡುಗನೊಬ್ಬ ಅರಸನ ಬಣ್ಣ ಬಯಲು ಮಾಡುತ್ತಾನೆ. ಎರಡೂ ಕಡೆ ಮರ ಒರೆಗಲ್ಲಾಗಿದೆ: ಅಶೋಕ ನೆರಳು ಕೊಟ್ಟೆನೆಂದು ದಾಖಲಿಸಿದ, ಮುಳ್ಳು ನೆರಳು ಕೊಡುವೆನೆಂದು ಬೊಗಳೆ ಬಿಟ್ಟಿತು.

ಮುಳ್ಳಿನ ಇನ್ನೊಂದು ಮುಖ

ಯೋತಾಮನ ಕತೆಯ ಮುಳ್ಳು ಯಾವುದು? ಹೀಬ್ರೂವಿನ ‘ಆಟಾದ್’ ಎಂಬ ಆ ಹೆಸರನ್ನು ಕೆಲವು ವಿದ್ವಾಂಸರು ಪೊದೆಯಾಗಿ ಬೆಳೆಯುವ ಬೇರೊಂದು ಮುಳ್ಳುಗಿಡಕ್ಕೆ ಹೊಂದಿಸುತ್ತಾರೆ. ಇನ್ನು ಕೆಲವರು ಅದು ಬಾರೆಯ ಜಾತಿಯ ಮರ ಎನ್ನುತ್ತಾರೆ. ಎಲಚಿ, ಬೋರೆ ಎಂದೂ ಕರೆಯುವ ನಮ್ಮ ಬಾರೆಗೆ ಪಶ್ಚಿಮ ಏಷ್ಯಾದಲ್ಲಿ ಒಬ್ಬ ದಾಯಾದಿ ಇದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರಿನ ಅರ್ಥವೇ ಕ್ರಿಸ್ತನ ಮುಳ್ಳು. ಶಿಲುಬೆಗೇರಿಸುವ ಮುನ್ನ ರೋಮನ್ ಸಿಪಾಯಿಗಳು ಯೇಸುವನ್ನು ಅಣಕಿಸಲು ತಲೆಗಿಟ್ಟ ಮುಳ್ಳಿನ ಕಿರೀಟ ಈ ಮರದ್ದೆಂದು ಒಂದು ಸಂಪ್ರದಾಯ ಹೇಳುತ್ತದೆ.

ಬೈಬಲಿನಲ್ಲಿ ಮುಳ್ಳಿನ ಪಯಣ ವಿಚಿತ್ರವಾದದ್ದು. ಏದೆನಿನ ತಪ್ಪಿಗೆ ಸಿಕ್ಕ ಶಾಪಗಳಲ್ಲಿ ಹೊಲದಲ್ಲಿ ಮುಳ್ಳು ಹುಟ್ಟುವುದೂ ಒಂದು. ಆದರೆ ವಿಮೋಚನಕಾಂಡದಲ್ಲಿ, ಕುರಿ ಕಾಯುತ್ತಿದ್ದ ಮೋಶೆಯನ್ನು ದೇವರು ಕರೆದದ್ದು ಉರಿಯುತ್ತಿದ್ದರೂ ಸುಟ್ಟುಹೋಗದ ಒಂದು ಮುಳ್ಳಿನ ಪೊದೆಯ ಒಳಗಿನಿಂದ. ದಾಸ್ಯದಲ್ಲಿ ನರಳುತ್ತಿದ್ದ ಜನರ ದೇವರು ದೇವದಾರುವನ್ನು ಬಿಟ್ಟು ಮುಳ್ಳನ್ನೇಕೆ ಆರಿಸಿಕೊಂಡ ಎಂದು ಯೆಹೂದ್ಯ ಪಂಡಿತರು ಕೇಳಿಕೊಂಡರು. ಅವರ ಕಷ್ಟದಲ್ಲಿ ತಾನೂ ಪಾಲುಗಾರ ಎಂದು ತೋರಿಸಲು ಎಂಬುದು ಅವರು ಕಂಡುಕೊಂಡ ಉತ್ತರಗಳಲ್ಲೊಂದು. ಶಾಪದ ಮುಳ್ಳು, ದೇವರು ಮಾತನಾಡಿದ ಮುಳ್ಳು, ಮಂಜೂಷವಾದ ಜಾಲಿ, ಅರಸನಾಗಲು ಹಂಬಲಿಸಿದ ಮುಳ್ಳು, ಅರಸನನ್ನು ಹಂಗಿಸಲು ಮಾಡಿದ ಮುಳ್ಳಿನ ಕಿರೀಟ - ಇಷ್ಟೂ ಒಂದೇ ಗ್ರಂಥದಲ್ಲಿವೆ.

ಇದನ್ನು ಅರಿಯಲು ಜಟಿಂಗ ರಾಮೇಶ್ವರದ ಸೀಮೆಯವರು ದೂರ ಹೋಗಬೇಕಿಲ್ಲ. ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿಯ ಬಳಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಜಾತ್ರೆಯಲ್ಲಿ ದೇವರಿಗೆ ಗುಡಿ ಕಟ್ಟುವುದು ಬಾರೆಯ ಮುಳ್ಳುಕೊಂಬೆಗಳಿಂದ. ಹಸಿ ಮುಳ್ಳನ್ನು ಕಡಿದು ತಂದು ಎತ್ತರಕ್ಕೆ ಒಟ್ಟಿ ಮಾಡಿದ ಆ ಗುಡಿಯ ತುದಿಗೆ ಕಳಸ ಇಡುತ್ತಾರೆ. ಜಾತ್ರೆಯ ಕೊನೆಗೆ ಹರಕೆ ಹೊತ್ತ ಗಂಡಸರು ಬರಿಗಾಲಿನಲ್ಲಿ, ಬರಿಮೈಯಲ್ಲಿ ಆ ಮುಳ್ಳುಗಳನ್ನು ತುಳಿದು ಏರಿ ಕಳಸ ಕೀಳುತ್ತಾರೆ. ಕಾಡುಗೊಲ್ಲರ ಹಟ್ಟಿಗಳ ಸುತ್ತ ಮುಳ್ಳಿನ ಬೇಲಿ ಇರುತ್ತಿತ್ತು. ಕುರಿಮರಿಗಳನ್ನು ತೋಳದಿಂದ ಕಾದದ್ದು ಅದೇ. ಹಿಂಡನ್ನು ಕಾಯುವ ಮುಳ್ಳು ದೇವರ ಮನೆಯಾದುದರಲ್ಲಿ ಆಶ್ಚರ್ಯವಿಲ್ಲ. ಸಂಕ್ರಾಂತಿಯ ದಿನ ಮಕ್ಕಳ ತಲೆಯ ಮೇಲೆ ಎಲಚಿ ಹಣ್ಣು ಸುರಿದು ಆರತಿ ಎತ್ತುವುದೂ ಇದೇ ಮರದ ಇನ್ನೊಂದು ಗೌರವ.

ಕ್ಯಾತಪ್ಪನ ಗುಡಿಗೂ ಮೋಶೆಯ ಪೊದೆಗೂ ಚಾರಿತ್ರಿಕ ಸಂಬಂಧ ಕಲ್ಪಿಸುವುದು ಸಲ್ಲದು. ಇಬ್ಬರೂ ಒಣನೆಲದ ಕುರಿಗಾಹಿಗಳು, ಇಬ್ಬರ ಕಣ್ಣೆದುರಿಗೂ ಇದ್ದದ್ದು ಮುಳ್ಳು ಎಂಬುದಷ್ಟೇ ಹೋಲಿಕೆ. ಆದರೆ ಆ ಹೋಲಿಕೆ ಒಂದು ಮಾತನ್ನು ಸ್ಪಷ್ಟಪಡಿಸುತ್ತದೆ. ಮರದ ಅರ್ಥ ಅದರ ಜಾತಿಯಲ್ಲಿ ಹುಟ್ಟಿಬರುವುದಿಲ್ಲ. ಕಾಯುವ ಮುಳ್ಳು ಗುಡಿಯಾಗುತ್ತದೆ, ಆಳಲು ಹೊರಟ ಮುಳ್ಳು ಬೆಂಕಿಯಾಗುತ್ತದೆ.

ಮರವೆಂಬ ಶಿಲುಬೆ

ಕ್ರೈಸ್ತ ಗ್ರಂಥಗಳಲ್ಲಿ ಈ ಅರ್ಥಾಂತರ ತುತ್ತತುದಿ ಮುಟ್ಟುವುದು ಶಿಲುಬೆಯಲ್ಲಿ. ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತ ಎಂದು ಧರ್ಮೋಪದೇಶಕಾಂಡ ಹೇಳಿತ್ತು. ಯೇಸುವಿನ ಶಿಷ್ಯರು ತಮ್ಮ ಗುರುವಿನ ಮರಣವನ್ನು ಮರೆಮಾಚದೆ, ಅವನನ್ನು ಮರಕ್ಕೆ ತೂಗುಹಾಕಿದರೆಂದೇ ಸಾರಿದರು. ಅವರು ಬಳಸಿದ ಗ್ರೀಕ್ ಶಬ್ದ ಮರದ ತೊಲೆಗೂ ಜೀವಂತ ಮರಕ್ಕೂ ಒಂದೇ ಆದ ‘ಕ್ಸೂಲೊನ್’. ಏದೆನಿನ ಜೀವವೃಕ್ಷಕ್ಕೂ ಗ್ರೀಕಿನಲ್ಲಿ ಅದೇ ಶಬ್ದವಿತ್ತು. ಹೀಗಾಗಿ ಒಂದು ಮರದಿಂದ ಕಳೆದುಹೋದದ್ದು ಇನ್ನೊಂದು ಮರದಿಂದ ದೊರೆಯಿತೆಂದು ಮುಂದಿನ ಕ್ರೈಸ್ತರು ಹೇಳುವುದು ಸಾಧ್ಯವಾಯಿತು. ಸಿರಿಯಾಕ್ ಮೂಲದಿಂದ ಬಂದ ಶಿಲುಬೆ ಎಂಬ ಪದದಲ್ಲಿ ಈ ನಂಟು ಕಾಣುವುದಿಲ್ಲ. ಮರ ಎಂದರೆ ಕನ್ನಡದ ಕಿವಿಗೆ ಒಡನೆ ತಿಳಿಯುತ್ತದೆ.

ಎಣ್ಣೆಮರದ ಕತೆಯೂ ಇಲ್ಲಿಗೆ ಬಂದು ಸೇರುತ್ತದೆ. ಜಲಪ್ರಳಯದ ನಂತರ ನೋಹನ ಪಾರಿವಾಳ ತಂದದ್ದು ಅದರ ಎಲೆ. ಅರಸರಿಗೂ ಯಾಜಕರಿಗೂ ಅಭಿಷೇಕ ಮಾಡುತ್ತಿದ್ದುದು ಅದರ ಎಣ್ಣೆಯಿಂದ. ಮೆಸ್ಸೀಯ, ಕ್ರಿಸ್ತ ಎಂಬ ಎರಡೂ ಮಾತುಗಳ ಅರ್ಥ ಅಭಿಷಿಕ್ತ ಎಂದೇ. ಬಂಧನಕ್ಕೆ ಮುನ್ನ ಯೇಸು ಪ್ರಾರ್ಥಿಸಿದ ಗೆತ್ಸೇಮನೆ ಎಂಬ ಹೆಸರಿನ ಅರ್ಥ ಎಣ್ಣೆಯ ಗಾಣ. ಶೇಂಗಾ ಎಣ್ಣೆಯ ವ್ಯಾಪಾರದಿಂದ ಎಣ್ಣೆ ನಗರವೆಂದು ಹೆಸರಾದ ಚಳ್ಳಕೆರೆಯವರಿಗೆ, ಎಣ್ಣೆ ಬರಬೇಕಾದರೆ ಕಾಳು ಅರೆಯಲೇಬೇಕು ಎಂಬ ಆ ಹೆಸರಿನ ಧ್ವನಿ ಅಪರಿಚಿತವಲ್ಲ. ಖರ್ಜೂರದ ಗರಿ ಹಿಡಿದು ಯೇಸುವನ್ನು ಸ್ವಾಗತಿಸಿದ ನೆನಪಿನ ಗರಿಗಳ ಭಾನುವಾರದಂದು ಕರ್ನಾಟಕದ ಚರ್ಚುಗಳಲ್ಲಿ ಸಾಮಾನ್ಯವಾಗಿ ತೆಂಗಿನ ಗರಿ ಹಿಡಿಯುತ್ತಾರೆ. ಮರ ಬದಲಾದರೂ ಅರ್ಥ ಉಳಿದಿದೆ.

ಇಂದಿನ ಮುಳ್ಳು

ಜಟಿಂಗ ರಾಮೇಶ್ವರದ ಸುತ್ತಲಿನ ಬಯಲಿನಲ್ಲಿ ಈಗ ಅರಸನಂತೆ ಹಬ್ಬಿರುವುದು ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಅದರ ತವರು ಅಮೆರಿಕ ಖಂಡ. 19ನೆಯ ಶತಮಾನದಲ್ಲಿ ಒಣನೆಲವನ್ನು ಹಸಿರಾಗಿಸಲೆಂದು, ಸೌದೆಗಾಗಲಿ ಎಂದು ಭಾರತಕ್ಕೆ ತಂದ ಗಿಡ ಇದು. ಆಡು ದನ ತಿಂದ ಕಾಯಿಯ ಬೀಜ ಸಗಣಿಯಲ್ಲಿ ಸೇರಿ ಕೆರೆಯಂಗಳ, ಗೋಮಾಳ, ಹಳ್ಳದ ದಂಡೆಗಳಿಗೆಲ್ಲ ಹರಡಿತು. ಬಡವರ ಒಲೆ ಉರಿಸಿದ್ದು, ಇದ್ದಿಲು ಸುಡುವವರಿಗೆ ಕೂಲಿ ಕೊಟ್ಟದ್ದು ಅದರ ಪುಣ್ಯದ ಲೆಕ್ಕದಲ್ಲಿ ಸೇರಬೇಕು. ಆದರೆ ಅದು ದಟ್ಟವಾಗಿ ಬೆಳೆದ ಕಡೆ ಹುಲ್ಲು ಏಳುವುದಿಲ್ಲ. ಹುಲ್ಲು ಹೋದರೆ ಕುರಿಯ ಹಿಂಡಿಗೆ ಮೇವಿಲ್ಲ. ವಿಶೇಷವೆಂದರೆ ದಸರೆಯಲ್ಲಿ ಪೂಜೆಗೊಳ್ಳುವ ಬನ್ನಿಯೂ ಈ ಗಿಡದ ಹತ್ತಿರದ ಸಂಬಂಧಿ. ಬನ್ನಿಯ ಕೆಳಗೆ ಬೆಳೆ ಬರುತ್ತದೆಂದು ರಾಜಸ್ಥಾನದ ರೈತರು ಅದನ್ನು ಹೊಲದ ನಡುವೆಯೇ ಉಳಿಸಿಕೊಳ್ಳುತ್ತಾರೆ. ಒಂದೇ ಕುಲದ ಎರಡು ಮರಗಳು. ಒಂದು ತನ್ನ ಕೆಳಗೆ ಇತರರನ್ನು ಬಾಳಿಸುತ್ತದೆ, ಇನ್ನೊಂದು ತಾನೊಂದೇ ಬಾಳುತ್ತದೆ. ಯೋತಾಮ ಕೇಳಿದ ಪ್ರಶ್ನೆ ಇದೇ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯ ಅಧ್ಯಾಯದಲ್ಲಿ ಜೀವವೃಕ್ಷ ಮತ್ತೆ ಕಾಣಿಸಿಕೊಳ್ಳುತ್ತದೆ. ಈಗ ಅದಕ್ಕೆ ಕಾವಲಿಲ್ಲ, ನಿಷೇಧವಿಲ್ಲ. ಊರಿನ ಬೀದಿಯ ನಡುವೆ, ನದಿಯ ಎರಡೂ ದಡಗಳಲ್ಲಿ ಅದು ನಿಂತಿದೆ. ತಿಂಗಳು ತಿಂಗಳಿಗೂ ಫಲ ಕೊಡುತ್ತದೆ. ಅದರ ಎಲೆಗಳು ಜನಾಂಗಗಳ ಗಾಯ ಮಾಯಿಸುವ ಮದ್ದು. ತೋಟದಲ್ಲಿ ಆರಂಭವಾದ ಗ್ರಂಥ ಊರಿನ ನಡುವಿನ ಮರದ ಕೆಳಗೆ ಮುಗಿಯುತ್ತದೆ. ಬಯಲುಸೀಮೆಯವರು ಕಟ್ಟೆಯ ಮರವನ್ನು ಊರ ನಡುವೆ ಬೆಳೆಸಿದ್ದೂ ದಾರಿಹೋಕರು, ದನಕರುಗಳು, ಜಗಳ ತೀರಿಸಿಕೊಳ್ಳಲು ಬಂದವರು ಎಲ್ಲರೂ ಕೂರಲೆಂದೇ.

ಜಟಿಂಗ ರಾಮೇಶ್ವರದ ಬಂಡೆಯ ಮೇಲಿನ ಅಕ್ಷರಗಳು ಬಿಸಿಲು, ಗಾಳಿ, ಮಳೆಗೆ ಬಹಳ ಮಟ್ಟಿಗೆ ಸವೆದಿವೆ. ಓದಲು ಬಾರದ ಆ ಲಿಪಿಯ ಪಕ್ಕದಲ್ಲಿ ಬಳೆಗಾರರು ತಲೆಮಾರುಗಳ ಕಾಲ ಮಲ್ಲಾರ ಬಿಚ್ಚಿ ಕುಳಿತರು. ಅರಸ ಯಾರೆಂದು ಅವರಿಗೆ ತಿಳಿದಿರಲಿಲ್ಲ. ಬಿಸಿಲಿಗೆ ಅಲ್ಲಿ ನೆರಳಿತ್ತು ಎಂಬುದು ತಿಳಿದಿತ್ತು.